ವಿಧೇಯತೆಯ ಸಂಕಟ ಮತ್ತು ಮೆಲ್‌ವಿಲ್

ಹರ್ಮನ್ ಮೆಲ್‌ವಿಲ್‌ನ ‘ಮೊಬಿ ಡಿಕ್’ ಕಾದಂಬರಿಯ ಹೆಸರು ಕೇಳಿದೊಡನೆ ಬಹುಪಾಲು ಓದುಗರ ಕಣ್ಣೆದುರು ಬರುವವರು ಒಂಟಿಕಾಲಿನ ಕ್ಯಾಪ್ಟನ್ ಅಹಾಬ್ ಮತ್ತು ಆತನ ಕಾಲನ್ನು ತುಂಡರಿಸಿದ ಬಿಳಿಯ ತಿಮಿಂಗಿಲ. ಆ ಪ್ರಾಣಿಯ ಮೇಲೆ ಸೇಡು ತೀರಿಸಿಕೊಳ್ಳಲು ಹೊರಟು, ಹಡಗನ್ನೂ ಅದರಲ್ಲಿದ್ದವರನ್ನೂ ಸಮುದ್ರದ ಪಾಲು ಮಾಡಿದವನ ಕಥೆ ಅದು. ಆದರೆ ಹಲವು ಬಾರಿಯ ಓದಿನಲ್ಲಿ ನನ್ನನ್ನು ಹೆಚ್ಚಾಗಿ ಕಾಡಿದವನು ಅಹಾಬನಲ್ಲ, ಆತನ ಕೈಕೆಳಗಿನ ಹಿರಿಯ ಅಧಿಕಾರಿ ಸ್ಟಾರ್‌ಬಕ್. ಹುಚ್ಚು ಹಿಡಿದವನು ಹುಚ್ಚನಂತೆ ನಡೆದುಕೊಂಡದ್ದರಲ್ಲಿ ಅಚ್ಚರಿಯೇನಿಲ್ಲ. ಅದನ್ನು ಹುಚ್ಚೆಂದು ಸ್ಪಷ್ಟವಾಗಿ ಬಲ್ಲ ವಿವೇಕಿಯೊಬ್ಬ, ದೈವಭೀರುವಾದ ಸಂಸಾರಸ್ಥನೊಬ್ಬ, ತಿಮಿಂಗಿಲದ ಎದುರು ಎಂದೂ ಹೆದರದ ಧೀರನೊಬ್ಬ, ಆ ಆಜ್ಞೆಗಳನ್ನು ಕೊನೆಯವರೆಗೂ ಪಾಲಿಸಿದ್ದು ಹೇಗೆ? ಈ ಪ್ರಶ್ನೆ ಮೆಲ್‌ವಿಲ್‌ನನ್ನು ಸಾಯುವವರೆಗೂ ಬಿಡಲಿಲ್ಲ. ಆತನಿಗೆ ಅದು ಪುಸ್ತಕಗಳಿಂದ ಸಿಕ್ಕಿದ ಪ್ರಶ್ನೆಯಾಗಿರಲಿಲ್ಲ. ಅದು ಆತನ ಬಂಧುಬಳಗದ ನಡುವೆಯೇ ಇತ್ತು ಎಂಬುದು ಆತನ ಬದುಕನ್ನು ನೋಡಿದಾಗ ತಿಳಿಯುತ್ತದೆ.

ಮೆಲ್‌ವಿಲ್ ಹುಟ್ಟಿದ್ದು 1819ರ ಆಗಸ್ಟ್ 1ರಂದು, ನ್ಯೂಯಾರ್ಕ್ ನಗರದಲ್ಲಿ, ಎಂಟು ಮಕ್ಕಳಲ್ಲಿ ಮೂರನೆಯವನಾಗಿ. ತಂದೆಯ ತಂದೆ 1773ರಲ್ಲಿ ಬಾಸ್ಟನ್ ಬಂದರಿನಲ್ಲಿ ಚಹಾ ಪೆಟ್ಟಿಗೆಗಳನ್ನು ನೀರಿಗೆಸೆದವರಲ್ಲಿ ಒಬ್ಬ. ತಾಯಿಯ ತಂದೆ ಪೀಟರ್ ಗ್ಯಾನ್ಸ್‌ವೋರ್ಟ್ 1777ರಲ್ಲಿ ಸ್ಟ್ಯಾನ್‌ವಿಕ್ಸ್ ಕೋಟೆಯನ್ನು ಬ್ರಿಟಿಷ್ ಪಡೆಗಳಿಗೆ ಒಪ್ಪಿಸದೆ ಕಾದವನು. ಅಂದರೆ ದೊರೆಯ ಆಜ್ಞೆಯನ್ನು ಧಿಕ್ಕರಿಸಿದ್ದೇ ಈ ಮನೆತನದ ಕೀರ್ತಿಗೆ ಮೂಲ. ಆದರೆ ದೇಶ ಸ್ವತಂತ್ರವಾದ ಮೇಲೆ ಧಿಕ್ಕರಿಸಿದವರ ಮಕ್ಕಳು, ಮೊಮ್ಮಕ್ಕಳು ಹೊಸ ವ್ಯವಸ್ಥೆಯ ಅಧಿಕಾರಿಗಳಾದರು. ಇದು ಎಲ್ಲ ಕ್ರಾಂತಿಗಳ ನಂತರವೂ ನಡೆಯುವುದೇ. ತಂದೆ ಅಲನ್ ಫ್ರಾನ್ಸಿನಿಂದ ಬಟ್ಟೆಬರೆ ತರಿಸಿ ಮಾರುವ ವರ್ತಕ. ಸಾಲದಲ್ಲಿ ಮುಳುಗಿ, ಬುದ್ಧಿ ಭ್ರಮಿಸಿ, 1832ರ ಜನವರಿಯಲ್ಲಿ ತೀರಿಕೊಂಡ. ಹನ್ನೆರಡರ ಬಾಲಕ ಹರ್ಮನ್ ಆಲ್ಬನಿಯ ಬ್ಯಾಂಕೊಂದರಲ್ಲಿ ಗುಮಾಸ್ತಿಕೆಗೆ ಸೇರಿದ. ಆಮೇಲೆ ಅಣ್ಣನ ಅಂಗಡಿ, ದೊಡ್ಡಪ್ಪನ ಹೊಲ, ಹಳ್ಳಿಯ ಶಾಲೆಯ ಮೇಷ್ಟರ ಕೆಲಸ. ಯಾವುದೂ ನಿಲ್ಲಲಿಲ್ಲ. 1839ರಲ್ಲಿ ಲಿವರ್‌ಪೂಲ್‌ಗೆ ಹೋಗುವ ಸರಕು ಹಡಗೊಂದರಲ್ಲಿ ಆಳಾಗಿ ಹೋಗಿಬಂದ. 1841ರ ಜನವರಿಯಲ್ಲಿ ‘ಅಕುಶ್‌ನೆಟ್’ ಎಂಬ ತಿಮಿಂಗಿಲ ಬೇಟೆಯ ಹಡಗನ್ನು ಹತ್ತಿದ.

ತಿಮಿಂಗಿಲ ಬೇಟೆ ಅಂದು ಅಮೆರಿಕದ ದೊಡ್ಡ ಉದ್ಯಮಗಳಲ್ಲಿ ಒಂದು. ದೀಪಗಳಿಗೆ ಎಣ್ಣೆ ಸಿಗುತ್ತಿದ್ದುದು ಆ ಪ್ರಾಣಿಯಿಂದ. ಒಮ್ಮೆ ಹೊರಟ ಹಡಗು ಮೂರು ನಾಲ್ಕು ವರ್ಷ ಊರಿಗೆ ಮರಳುತ್ತಿರಲಿಲ್ಲ. ನಾವಿಕರಿಗೆ ಸಂಬಳವಿಲ್ಲ, ಯಾನದ ಕೊನೆಗೆ ಲಾಭದಲ್ಲಿ ಪಾಲು. ಮೆಲ್‌ವಿಲ್‌ಗೆ ಗೊತ್ತಾಗಿದ್ದ ಪಾಲು 175ರಲ್ಲಿ ಒಂದು. ನಡುವೆ ಬಿಟ್ಟುಹೋದವನಿಗೆ ಅದೂ ಇಲ್ಲ. ನೆಲ ಕಾಣದ ನೀರಿನಲ್ಲಿ ಪೊಲೀಸರೂ ಕ್ಯಾಪ್ಟನ್ನನೇ, ನ್ಯಾಯಾಧೀಶನೂ ಕ್ಯಾಪ್ಟನ್ನನೇ. ಇಂಥ ಹಡಗಿನಲ್ಲಿ ಹದಿನೆಂಟು ತಿಂಗಳು ದುಡಿದ ಮೆಲ್‌ವಿಲ್ 1842ರ ಜುಲೈನಲ್ಲಿ ಪೆಸಿಫಿಕ್ ಸಾಗರದ ಮಾರ್ಕ್ವೆಸಾಸ್ ದ್ವೀಪಗಳಲ್ಲಿ ಒಂದಾದ ನುಕು ಹಿವಾದಲ್ಲಿ ಗೆಳೆಯನೊಬ್ಬನೊಡನೆ ಹಡಗು ಬಿಟ್ಟು ಓಡಿಹೋದ. ಕೆಲವು ವಾರ ದ್ವೀಪವಾಸಿಗಳ ನಡುವೆ ಇದ್ದು, ‘ಲೂಸಿ ಆ್ಯನ್’ ಎಂಬ ಇನ್ನೊಂದು ಹಡಗನ್ನು ಸೇರಿದ. ಅಲ್ಲಿ ಕ್ಯಾಪ್ಟನ್ ಕಾಯಿಲೆಬಿದ್ದಿದ್ದ, ಆಡಳಿತ ಹದಗೆಟ್ಟಿತ್ತು. ತಹೀತಿಯ ಬಳಿ ನಾವಿಕರು ಕೆಲಸ ಮಾಡುವುದಿಲ್ಲವೆಂದು ಕುಳಿತರು. ಮೆಲ್‌ವಿಲ್ ಅವರನ್ನು ಕೂಡಿಕೊಂಡ. ಕಾನೂನಿನ ಭಾಷೆಯಲ್ಲಿ ಅದು ದಂಗೆಯೇ. ಅದಕ್ಕಾಗಿ ಆ ದ್ವೀಪದಲ್ಲಿ ಆತ ಬಂಧನದಲ್ಲೂ ಇರಬೇಕಾಯಿತು. ಬಂಧನವೇನೋ ಸಡಿಲವಾಗಿತ್ತು; ಕೆಲವು ವಾರಗಳಲ್ಲಿ ಅಲ್ಲಿಂದಲೂ ಪಾರಾದ.

ಅದೇ ವರ್ಷದ ಕೊನೆಯಲ್ಲಿ, ಇನ್ನೊಂದು ಸಾಗರದಲ್ಲಿ ಘೋರವಾದ ಘಟನೆಯೊಂದು ನಡೆಯಿತು. ಅಮೆರಿಕದ ನೌಕಾಪಡೆಯ ‘ಸೋಮರ್ಸ್’ ಎಂಬ ತರಬೇತಿ ನೌಕೆಯಲ್ಲಿ ದಂಗೆಯ ಸಂಚು ನಡೆದಿದೆ ಎಂದು ಕಮಾಂಡರ್ ಅಲೆಕ್ಸಾಂಡರ್ ಸ್ಲೈಡೆಲ್ ಮೆಕೆಂಜಿಗೆ ಸಂಶಯ ಬಂತು. ಸಂಶಯಕ್ಕೆ ಗುರಿಯಾದವನು ಫಿಲಿಪ್ ಸ್ಪೆನ್ಸರ್ ಎಂಬ ಹತ್ತೊಂಬತ್ತರ ತರುಣ, ದೇಶದ ಯುದ್ಧ ಸಚಿವನ ಮಗ. ಕಮಾಂಡರ್ ತನ್ನ ಅಧಿಕಾರಿಗಳ ಅಭಿಪ್ರಾಯ ಕೇಳಿದ. ಅವರು ಸಾಕ್ಷಿಗಳನ್ನು ವಿಚಾರಿಸಿದರು. ಆರೋಪಿಗಳಿಗೆ ತಮ್ಮ ಮಾತು ಹೇಳಿಕೊಳ್ಳುವ ಅವಕಾಶ ಸಿಗಲಿಲ್ಲ. 1842ರ ಡಿಸೆಂಬರ್ 1ರಂದು ಸ್ಪೆನ್ಸರ್ ಮತ್ತು ಇನ್ನಿಬ್ಬರು ನಾವಿಕರನ್ನು ಹಡಗಿನ ಮೇಲೆಯೇ ಗಲ್ಲಿಗೇರಿಸಲಾಯಿತು. ಅಧಿಕಾರಿಗಳ ಆ ವಿಚಾರಣೆಯ ಮುಂದಾಳು ಹಡಗಿನ ಮೊದಲನೆಯ ಲೆಫ್ಟಿನೆಂಟ್ ಗರ್ಟ್ ಗ್ಯಾನ್ಸ್‌ವೋರ್ಟ್, ಮೆಲ್‌ವಿಲ್‌ನ ಸೋದರಮಾವನ ಮಗ. ಒಂದೇ ಮನೆತನದ ಇಬ್ಬರಲ್ಲಿ ಒಬ್ಬ ದಂಗೆಯಲ್ಲಿ ಭಾಗಿಯಾಗಿ ಸುಲಭವಾಗಿ ಪಾರಾದ. ಇನ್ನೊಬ್ಬ ಎರಡು ತಿಂಗಳೊಳಗೆ ದಂಗೆಯ ಬರಿಯ ಸಂಶಯದ ಮೇಲೆ ಮೂವರ ಸಾವಿಗೆ ಸಹಿ ಹಾಕಿದ. ಸೈನಿಕ ನ್ಯಾಯಾಲಯ ಮೆಕೆಂಜಿಯನ್ನು ನಿರ್ದೋಷಿಯೆಂದು ಬಿಟ್ಟಿತು. ಆದರೆ ದೇಶದಲ್ಲಿ ಎದ್ದ ಚರ್ಚೆ ದಶಕಗಳವರೆಗೆ ತಣ್ಣಗಾಗಲಿಲ್ಲ.

ಮನೆಗೆ ಮರಳುವ ದಾರಿ ಹುಡುಕುತ್ತಿದ್ದ ಮೆಲ್‌ವಿಲ್ 1843ರ ಆಗಸ್ಟ್‌ನಲ್ಲಿ ಹೊನೊಲುಲುವಿನಲ್ಲಿ ‘ಯುನೈಟೆಡ್ ಸ್ಟೇಟ್ಸ್’ ಎಂಬ ಯುದ್ಧನೌಕೆಗೆ ಸಾಮಾನ್ಯ ನಾವಿಕನಾಗಿ ಸೇರಿಕೊಂಡ. 1844ರ ಅಕ್ಟೋಬರ್‌ನಲ್ಲಿ ಬಾಸ್ಟನ್ನಿನಲ್ಲಿ ಇಳಿಯುವ ಹೊತ್ತಿಗೆ ಆ ಹಡಗಿನಲ್ಲಿ ನೂರ ಅರವತ್ತಕ್ಕೂ ಹೆಚ್ಚು ಬಾರಿ ಚಾಟಿ ಶಿಕ್ಷೆ ನಡೆದಿತ್ತು. ನಾವಿಕನ ಬೆನ್ನು ಬರಿದುಮಾಡಿ, ಕೈಕಟ್ಟಿ, ಎಲ್ಲ ಸಿಬ್ಬಂದಿಯನ್ನೂ ಎದುರಿಗೆ ನಿಲ್ಲಿಸಿ ಹೊಡೆಯುವುದು ಪದ್ಧತಿ. ನೋಡುವುದೂ ಆಜ್ಞೆಯ ಭಾಗವೇ. ಈ ಅನುಭವದಿಂದ ಹುಟ್ಟಿದ ‘ವೈಟ್ ಜಾಕೆಟ್’ 1850ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸಂಸತ್ತು ನೌಕಾಪಡೆಯಲ್ಲಿ ಚಾಟಿ ಶಿಕ್ಷೆಯನ್ನು ರದ್ದು ಮಾಡಿತು. ಅದು ಹಲವರ ಹಲವು ವರ್ಷಗಳ ಹೋರಾಟದ ಫಲ. ಮೆಲ್‌ವಿಲ್‌ನದು ಅದರಲ್ಲಿ ಒಂದು ದನಿ.

ಆ ಪುಸ್ತಕದಲ್ಲಿ ಒಂದು ಪ್ರಸಂಗವಿದೆ. ತನ್ನದಲ್ಲದ ತಪ್ಪಿಗೆ ನಿರೂಪಕನನ್ನು ಚಾಟಿಯೇಟಿಗೆ ನಿಲ್ಲಿಸುತ್ತಾರೆ. ಈ ಅವಮಾನಕ್ಕಿಂತ ಕ್ಯಾಪ್ಟನ್ನನನ್ನೂ ಎಳೆದುಕೊಂಡು ಸಮುದ್ರಕ್ಕೆ ಹಾರುವುದೇ ಮೇಲೆಂದು ಆತ ಮನಸ್ಸಿನಲ್ಲೇ ದೂರ ಅಳೆಯುತ್ತಿರುತ್ತಾನೆ. ಆಗ ಕೆಳದರ್ಜೆಯ ಸೈನಿಕನೊಬ್ಬ ಮುಂದೆ ಬಂದು, ಟೋಪಿ ಮುಟ್ಟಿ ವಂದಿಸಿ, ಈತ ಅಂಥ ತಪ್ಪು ಮಾಡುವವನಲ್ಲ ಎನ್ನುತ್ತಾನೆ. ಅದರ ಬೆನ್ನಿಗೆ ಜ್ಯಾಕ್ ಚೇಸ್ ಎಂಬ ಹಿರಿಯ ನಾವಿಕನೂ ದನಿಗೂಡಿಸುತ್ತಾನೆ. ಕ್ಯಾಪ್ಟನ್ ಒಂದು ಗಳಿಗೆ ತಡೆದು ಬಿಟ್ಟುಬಿಡುತ್ತಾನೆ. ಅಲ್ಲಿ ದಂಗೆಯಿಲ್ಲ, ಕೊಲೆಯಿಲ್ಲ. ವಿನಯ ಬಿಡದೆ ಆಡಿದ ಎರಡು ಮಾತು, ಅಷ್ಟೆ. ಮೆಲ್‌ವಿಲ್ ಮುಂದೆ ಬರೆದ ಎರಡು ಮಹಾಕೃತಿಗಳನ್ನು ಓದುವಾಗಲೆಲ್ಲ ನಾನು ಈ ಪ್ರಸಂಗವನ್ನು ನೆನೆದುಕೊಳ್ಳುತ್ತೇನೆ. ಏಕೆಂದರೆ ಆ ಎರಡು ಕೃತಿಗಳಲ್ಲೂ ಇಂಥ ಮಾತು ಸೋಲುತ್ತದೆ.

1847ರಲ್ಲಿ ಮೆಲ್‌ವಿಲ್ ಎಲಿಜಬೆತ್ ಶಾ ಎಂಬಾಕೆಯನ್ನು ಮದುವೆಯಾದ. ಆಕೆಯ ತಂದೆ ಲೆಮ್ಯುಯೆಲ್ ಶಾ ಮ್ಯಾಸಚೂಸೆಟ್ಸ್ ರಾಜ್ಯದ ಮುಖ್ಯ ನ್ಯಾಯಾಧೀಶ, ದೇಶದಲ್ಲೇ ಹೆಸರಾದ ನ್ಯಾಯವೇತ್ತ. ಗುಲಾಮಗಿರಿಯನ್ನು ಮನಸಾರೆ ಒಪ್ಪದವನು. 1836ರಲ್ಲಿ ಒಡತಿಯೊಬ್ಬಳು ತನ್ನ ರಾಜ್ಯಕ್ಕೆ ಕರೆತಂದಿದ್ದ ಮೆಡ್ ಎಂಬ ಪುಟ್ಟ ಗುಲಾಮ ಬಾಲಕಿ ಸ್ವತಂತ್ರಳೆಂದು ತೀರ್ಪು ಕೊಟ್ಟವನು ಆತನೇ. ಆದರೆ 1850ರಲ್ಲಿ, ಓಡಿಬಂದ ಗುಲಾಮರನ್ನು ಹಿಡಿದು ಒಡೆಯರಿಗೆ ಒಪ್ಪಿಸಬೇಕೆಂಬ ಕಠಿಣವಾದ ಕೇಂದ್ರ ಕಾನೂನು ಬಂತು. 1851ರ ಏಪ್ರಿಲ್‌ನಲ್ಲಿ ಜಾರ್ಜಿಯಾದಿಂದ ತಪ್ಪಿಸಿಕೊಂಡು ಬಂದ ಥಾಮಸ್ ಸಿಮ್ಸ್ ಎಂಬ ಯುವಕನನ್ನು ಬಾಸ್ಟನ್ನಿನಲ್ಲಿ ಹಿಡಿದರು. ಜನ ನುಗ್ಗದಂತೆ ನ್ಯಾಯಾಲಯದ ಸುತ್ತ ಸರಪಳಿ ಬಿಗಿಯಲಾಗಿತ್ತು. ಮುಖ್ಯ ನ್ಯಾಯಾಧೀಶನೇ ಆ ಸರಪಳಿಯ ಕೆಳಗೆ ಬಗ್ಗಿ ಒಳಹೋಗಬೇಕಾಯಿತು. ಸಿಮ್ಸ್‌ನನ್ನು ಬಿಡಿಸಬೇಕೆಂಬ ಅರ್ಜಿಯನ್ನು ಶಾ ತಿರಸ್ಕರಿಸಿದ. ಸಂವಿಧಾನ ಒಪ್ಪಿದ ಕಾನೂನನ್ನು ನ್ಯಾಯಾಧೀಶ ತನ್ನ ಆತ್ಮಸಾಕ್ಷಿಯ ಮೇಲೆ ಬದಿಗಿಡುವಂತಿಲ್ಲ ಎಂಬುದು ಆತನ ನಿಲುವು. ಸಿಮ್ಸ್‌ನನ್ನು ಕಾವಲಿನಲ್ಲಿ ಹಡಗು ಹತ್ತಿಸಿ ಸವಾನಾಗೆ ಕಳುಹಿಸಿದರು. ಅಲ್ಲಿ ಸಾರ್ವಜನಿಕವಾಗಿ ಚಾಟಿಯಿಂದ ಹೊಡೆದರು.

ಆ ವಸಂತದಲ್ಲಿ ಶಾನ ಅಳಿಯ ಅದೇ ರಾಜ್ಯದ ಪಿಟ್ಸ್‌ಫೀಲ್ಡ್‌ನ ತೋಟದ ಮನೆಯಲ್ಲಿ ‘ಮೊಬಿ ಡಿಕ್’ ಬರೆಯುತ್ತಿದ್ದ. ಮನೆಯನ್ನು ಕೊಳ್ಳಲು ಹಣ ಕೊಟ್ಟವನು ಶಾ. ಮೆಲ್‌ವಿಲ್‌ನ ಮೊದಲ ಪುಸ್ತಕ ‘ಟೈಪಿ’ ಅರ್ಪಿತವಾಗಿದ್ದುದೂ ಶಾಗೆ. ತಂದೆಯಿಲ್ಲದ ತರುಣನಿಗೆ ಆತ ತಂದೆಯ ಸಮಾನ. ಮಾವ ದುಷ್ಟನಾಗಿದ್ದರೆ ಅಳಿಯನ ಕೆಲಸ ಸುಲಭವಾಗುತ್ತಿತ್ತು. ಗರ್ಟ್ ದುಷ್ಟನಾಗಿದ್ದರೂ ಹಾಗೆಯೇ. ಆದರೆ ಇಬ್ಬರೂ ಒಳ್ಳೆಯವರು, ಮನೆಯವರು ಗೌರವಿಸುತ್ತಿದ್ದವರು. ಹೀಗಾಗಿ ಮೆಲ್‌ವಿಲ್‌ಗೆ ಕೇಡು ಎಂಬುದು ಕೇಡಿಗರ ಸಮಸ್ಯೆಯಾಗಿ ಮಾತ್ರ ಉಳಿಯಲಿಲ್ಲ.

ಸ್ಟಾರ್‌ಬಕ್‌ನನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಆತ ನ್ಯಾಂಟಕೆಟ್ ದ್ವೀಪದವನು, ಅಹಿಂಸೆಯನ್ನು ನಂಬುವ ಕ್ವೇಕರ್ ಪಂಥದವನು. ತಂದೆ, ಅಣ್ಣ ಇಬ್ಬರನ್ನೂ ಸಮುದ್ರಕ್ಕೆ ಕೊಟ್ಟವನು. ಊರಿನಲ್ಲಿ ಹೆಂಡತಿಯೂ ಪುಟ್ಟ ಮಗನೂ ಕಾದಿದ್ದಾರೆ. ಅಹಾಬ್ ಹಾಯಿಕಂಬಕ್ಕೆ ಚಿನ್ನದ ನಾಣ್ಯ ಹೊಡೆದು, ಬಿಳಿಯ ತಿಮಿಂಗಿಲವನ್ನು ಕಂಡವನಿಗೆ ಅದು ಸಲ್ಲುತ್ತದೆಂದು ಸಾರಿದಾಗ ಇಡೀ ಹಡಗು ಜಯಕಾರ ಹಾಕುತ್ತದೆ. ಆ ಗದ್ದಲದಲ್ಲಿ ಆಕ್ಷೇಪಿಸುವವನು ಸ್ಟಾರ್‌ಬಕ್ ಒಬ್ಬನೇ. ತಾನು ಬಂದದ್ದು ಎಣ್ಣೆಗಾಗಿ, ಯಜಮಾನನ ಸೇಡಿಗಾಗಿ ಅಲ್ಲ. ಮಾತು ಬಾರದ ಪ್ರಾಣಿಯ ಮೇಲೆ ಹಗೆ ಸಾಧಿಸುವುದು ದೈವನಿಂದೆ ಎಂದು ಆತ ಹೇಳುತ್ತಾನೆ. ಹೇಳಿದ ಮೇಲೆ ತಲೆ ತಗ್ಗಿಸುತ್ತಾನೆ. ಆಜ್ಞೆಯನ್ನು ದ್ವೇಷಿಸುತ್ತಲೇ ಪಾಲಿಸುವ ತನ್ನ ಸ್ಥಿತಿಯನ್ನು ಕಂಡು ತನಗೆ ತಾನೇ ಅಸಹ್ಯಪಡುತ್ತಾನೆ. ಆ ಅಸಹ್ಯ ಆತನ ಕೈಯನ್ನು ತಡೆಯುವುದಿಲ್ಲ.

ಕಾದಂಬರಿಯ ಕೊನೆಯ ಭಾಗದಲ್ಲಿ ಬಿರುಗಾಳಿಯೊಂದು ಕಳೆದ ರಾತ್ರಿ, ಅಹಾಬ್ ನಿದ್ರಿಸುತ್ತಿರುವ ಕೋಣೆಯ ಬಾಗಿಲಲ್ಲಿ ಸ್ಟಾರ್‌ಬಕ್ ಬಂದೂಕು ಹಿಡಿದು ನಿಲ್ಲುತ್ತಾನೆ. ಅಹಾಬ್ ಹಿಂದೊಮ್ಮೆ ಆತನತ್ತ ಗುರಿಯಿಟ್ಟಿದ್ದ ಬಂದೂಕು ಅದೇ. ಗುಂಡು ತುಂಬಿದೆ. ಒಬ್ಬನನ್ನು ಕೊಂದರೆ ಮೂವತ್ತಕ್ಕೂ ಹೆಚ್ಚು ಜನ ಬದುಕುತ್ತಾರೆ, ಹೆಂಡತಿ ಮಗನ ಮುಖ ಮತ್ತೆ ಕಾಣಬಹುದು. ಕೊಲ್ಲದೆ ಸೆರೆಯಲ್ಲಿಟ್ಟರೆ ಹೇಗೆ ಎಂದೂ ಯೋಚಿಸುತ್ತಾನೆ. ಸಂಕೋಲೆಯಲ್ಲಿ ಅಹಾಬ್ ಇನ್ನೂ ಭಯಂಕರನಾದಾನು ಎಂದು ಕೈಬಿಡುತ್ತಾನೆ. ಕೊನೆಗೆ ಬಂದೂಕನ್ನು ಅದರ ಜಾಗದಲ್ಲಿಟ್ಟು ಮೇಲೆ ಬರುತ್ತಾನೆ. ಮುಂದೆ ಆ ಮೂವತ್ತಕ್ಕೂ ಹೆಚ್ಚು ಜನರಲ್ಲಿ ಉಳಿಯುವವನು ಕಥೆ ಹೇಳುವ ಇಷ್ಮೇಲ್ ಒಬ್ಬನೇ.

ಮಲಗಿದವನನ್ನು ಕೊಲ್ಲದ ಸ್ಟಾರ್‌ಬಕ್‌ನನ್ನು ನಾನು ದೂರುವುದಿಲ್ಲ. ಕೊಲೆ ಮಾಡಲಾಗದ್ದು ಆತನ ಹೇಡಿತನವಲ್ಲ, ಸಂಸ್ಕಾರ. ಆದರೆ ಮೆಲ್‌ವಿಲ್ ಓದುಗರಿಗೆ ಇನ್ನೊಂದು ವಿಷಯವನ್ನು ಮೊದಲೇ ತಿಳಿಸಿರುತ್ತಾನೆ. ಹಡಗಿನ ಮಾಲೀಕರು ವಹಿಸಿದ ಕೆಲಸವನ್ನು ಬಿಟ್ಟು ಸ್ವಂತ ಸೇಡಿಗೆ ಯಾನವನ್ನು ತಿರುಗಿಸಿದ್ದರಿಂದ, ನಾವಿಕರು ನ್ಯಾಯವಾಗಿಯೇ ತನ್ನ ಆಜ್ಞೆ ಮೀರಬಹುದು, ಅಧಿಕಾರ ಕಸಿದುಕೊಂಡರೂ ಅವರನ್ನು ಯಾರೂ ಪ್ರಶ್ನಿಸಲಾರರು ಎಂಬುದು ಅಹಾಬನಿಗೇ ಗೊತ್ತಿತ್ತು. ಆ ಭಯದಿಂದಲೇ ಆತ ದಾರಿಯಲ್ಲಿ ಸಿಕ್ಕ ಬೇರೆ ತಿಮಿಂಗಿಲಗಳನ್ನೂ ಬೇಟೆಯಾಡಿಸಿ, ಎಲ್ಲ ಎಂದಿನಂತಿದೆ ಎಂಬ ತೋರಿಕೆಯನ್ನು ಉಳಿಸಿಕೊಂಡ. ಎಂದರೆ ಸ್ಟಾರ್‌ಬಕ್‌ನ ಮುಂದೆ ಇದ್ದ ದಾರಿ ಕೊಲೆ ಮತ್ತು ವಿಧೇಯತೆ ಎರಡೇ ಅಲ್ಲ. ಹಗಲಿನಲ್ಲಿ, ಎಲ್ಲರ ಎದುರು, ಉಳಿದ ಅಧಿಕಾರಿಗಳನ್ನು ಜೊತೆಗೆ ಕಟ್ಟಿಕೊಂಡು ನಿರಾಕರಿಸುವ ದಾರಿಯೂ ಇತ್ತು. ಆತ ಆ ದಾರಿಯನ್ನು ಹುಡುಕಲೇ ಇಲ್ಲ. ಸಂಕಟವೆಲ್ಲ ತನ್ನ ಮತ್ತು ಕ್ಯಾಪ್ಟನ್ನನ ನಡುವಿನದೆಂದು ಭಾವಿಸಿ, ಒಬ್ಬನೇ ನೊಂದುಕೊಂಡ. ಒಳ್ಳೆಯ ಅಧೀನ ಅಧಿಕಾರಿಗಳ ದೊಡ್ಡ ದೌರ್ಬಲ್ಯ ಇದೇ ಎಂದು ನನಗೆ ತೋರುತ್ತದೆ.

1851ರಲ್ಲಿ ಪ್ರಕಟವಾದ ‘ಮೊಬಿ ಡಿಕ್’ ಮೆಲ್‌ವಿಲ್‌ನ ಜೀವಿತಕಾಲದಲ್ಲಿ ಮೂರು ಸಾವಿರಕ್ಕೆ ಸ್ವಲ್ಪ ಹೆಚ್ಚು ಪ್ರತಿ ಮಾರಾಟವಾಯಿತು. ಮರುವರ್ಷದ ‘ಪಿಯರ್’ ಕಾದಂಬರಿಯನ್ನು ವಿಮರ್ಶಕರು ಹೀಗಳೆದರು. 1857ರ ನಂತರ ಆತ ಬದುಕಿರುವಾಗ ಆತನ ಯಾವ ಕಾದಂಬರಿಯೂ ಪ್ರಕಟವಾಗಲಿಲ್ಲ. ಯುವಕನಾಗಿ ಹಡಗು ಬಿಟ್ಟು ಓಡಿದವನು 1866ರ ಕೊನೆಯಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ಸರ್ಕಾರದ ಕಸ್ಟಮ್ಸ್ ಇನ್ಸ್‌ಪೆಕ್ಟರ್ ಆದ. ದಿನಕ್ಕೆ ನಾಲ್ಕು ಡಾಲರ್ ಕೂಲಿ. ಲಂಚ ಮಾಮೂಲಾಗಿದ್ದ ಇಲಾಖೆಯಲ್ಲಿ ಹತ್ತೊಂಬತ್ತು ವರ್ಷ ಪ್ರಾಮಾಣಿಕನಾಗಿ ದುಡಿದ. ಹೊರಗೆ ವಿಧೇಯ ನೌಕರನಾಗಿದ್ದವನು ಮನೆಯಲ್ಲಿ ಸಹನೆಯ ಯಜಮಾನನಾಗಿರಲಿಲ್ಲ. 1867ರಲ್ಲಿ ಹೆಂಡತಿಯ ತವರಿನವರು ಆಕೆಯನ್ನು ಬಿಡಿಸಿಕೊಂಡು ಹೋಗುವ ಯೋಚನೆ ಮಾಡಿದ್ದರು. ಆಕೆ ಹೋಗಲಿಲ್ಲ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹದಿನೆಂಟರ ಹಿರಿಯ ಮಗ ಮ್ಯಾಲ್ಕಮ್ ತನ್ನ ಕೋಣೆಯಲ್ಲಿ ಪಿಸ್ತೂಲಿನ ಗುಂಡಿನಿಂದ ಸತ್ತುಬಿದ್ದಿದ್ದ. ಎರಡನೆಯ ಮಗ ಸ್ಟ್ಯಾನ್‌ವಿಕ್ಸ್ 1886ರಲ್ಲಿ ದೂರದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೀರಿಕೊಂಡ. ಅಧಿಕಾರವೆಂದರೇನೆಂದು ಆತ ಕೆಳಗಿನಿಂದಲೂ ಮೇಲಿನಿಂದಲೂ ಕಂಡಿದ್ದ.

ನೌಕರಿ ಬಿಟ್ಟ ಮೇಲೆ ಕೊನೆಯ ಐದು ವರ್ಷ ಮೆಲ್‌ವಿಲ್ ಬರೆದು, ತಿದ್ದಿ, ಮತ್ತೆ ತಿದ್ದಿ, ಮುಗಿಸದೆ ಬಿಟ್ಟ ಕಿರುಕಾದಂಬರಿ ‘ಬಿಲ್ಲಿ ಬಡ್’. ಕಾಲ 1797, ಬ್ರಿಟಿಷ್ ನೌಕಾಪಡೆ ಎರಡು ದೊಡ್ಡ ದಂಗೆಗಳಿಂದ ನಡುಗಿದ್ದ ವರ್ಷ. ಮುಗ್ಧ ನಾವಿಕ ಬಿಲ್ಲಿಯ ಮೇಲೆ ಕ್ಲಾಗರ್ಟ್ ಎಂಬ ಅಧಿಕಾರಿ ದಂಗೆಯ ಸುಳ್ಳು ಆರೋಪ ಹೊರಿಸುತ್ತಾನೆ. ಉದ್ವೇಗದಲ್ಲಿ ತೊದಲುವ ಬಿಲ್ಲಿಗೆ ಮಾತು ಹೊರಡದೆ ಕೈ ಬೀಸುತ್ತಾನೆ, ಕ್ಲಾಗರ್ಟ್ ಸಾಯುತ್ತಾನೆ. ಕ್ಯಾಪ್ಟನ್ ವಿಯರ್‌ಗೆ ಬಿಲ್ಲಿಯ ಮೇಲೆ ತಂದೆಯ ವಾತ್ಸಲ್ಯ, ಆತ ನಿರಪರಾಧಿಯೆಂಬ ಅರಿವೂ ಇದೆ. ಆದರೂ ಹಡಗಿನಲ್ಲೇ ನ್ಯಾಯಮಂಡಳಿ ಕೂರಿಸುತ್ತಾನೆ. ಸದಸ್ಯರು ಹಿಂಜರಿದಾಗ, ನಾವು ನಿಷ್ಠರಾಗಿರಬೇಕಾದ್ದು ಪ್ರಕೃತಿಗಲ್ಲ, ಅರಸನಿಗೆ, ತೊಟ್ಟ ಸಮವಸ್ತ್ರಕ್ಕೆ ಎಂದು ವಾದಿಸಿ ಒಪ್ಪಿಸುತ್ತಾನೆ. ಮರುದಿನ ನಸುಕಿನಲ್ಲಿ ಬಿಲ್ಲಿಯನ್ನು ಗಲ್ಲಿಗೇರಿಸುತ್ತಾರೆ. ಕೃತಿಯೊಳಗೆ ಮೆಲ್‌ವಿಲ್ ಸೋಮರ್ಸ್ ಪ್ರಕರಣವನ್ನು ಹೆಸರಿಸಿಯೇ ನೆನೆಯುತ್ತಾನೆ. ಮಾವನ ಹೆಸರಿಲ್ಲ. ಆದರೆ ಅಮೆರಿಕದ ಕಾನೂನು ಪಂಡಿತ ರಾಬರ್ಟ್ ಕವರ್ 1975ರಲ್ಲಿ ಬರೆದ, ಗುಲಾಮಗಿರಿ ಮತ್ತು ನ್ಯಾಯಾಧೀಶರನ್ನು ಕುರಿತ ಗ್ರಂಥದಲ್ಲಿ ವಿಯರ್‌ನ ಹಿಂದೆ ಶಾನ ನೆರಳನ್ನು ಗುರುತಿಸಿದ.

ವಿಯರ್ ಸರಿಯೋ ತಪ್ಪೋ ಎಂಬ ವಾದ ಇಂದಿಗೂ ಮುಗಿದಿಲ್ಲ. ಕಾನೂನಿಗೆ ತಲೆಬಾಗಿದ ದುರಂತ ನಾಯಕನೆಂದು ಒಂದು ಪಕ್ಷ, ಕಾನೂನಿನ ಹಿಂದೆ ಅಡಗಿದ ಕೊಲೆಗಾರನೆಂದು ಇನ್ನೊಂದು ಪಕ್ಷ. ನನ್ನ ಗಮನ ಸೆಳೆಯುವುದು ಒಂದು ಸಣ್ಣ ವಿವರ. ಇಂಥ ಪ್ರಕರಣವನ್ನು ಅಡ್ಮಿರಲ್‌ಗೆ ಒಪ್ಪಿಸುವವರೆಗೆ ಕಾಯುವುದೇ ಪದ್ಧತಿಯೆಂದು ಹಡಗಿನ ವೈದ್ಯ ಅಂದುಕೊಳ್ಳುತ್ತಾನೆ. ಕ್ಯಾಪ್ಟನ್ನನ ಬುದ್ಧಿ ಸ್ಥಿಮಿತದಲ್ಲಿದೆಯೇ ಎಂದೂ ಅನುಮಾನಿಸುತ್ತಾನೆ. ಉಳಿದ ಅಧಿಕಾರಿಗಳಿಗೂ ಕಾಯುವುದೇ ಸರಿಯೆನಿಸುತ್ತದೆ. ಆದರೆ ಯಾರೂ ಬಾಯಿ ಬಿಡುವುದಿಲ್ಲ. 1962ರಲ್ಲಿ ಹಸ್ತಪ್ರತಿಯನ್ನು ಪದರ ಪದರವಾಗಿ ಪರಿಶೀಲಿಸಿದ ಹ್ಯಾರಿಸನ್ ಹೇಫರ್ಡ್ ಮತ್ತು ಮರ್ಟನ್ ಸೀಲ್ಟ್ಸ್, ವಿಯರ್‌ನ ಬಗೆಗಿನ ಈ ಸಂದೇಹ ಮೆಲ್‌ವಿಲ್ ಕೊನೆಕೊನೆಗೆ ಮಾಡಿದ ತಿದ್ದುಪಡಿಗಳಲ್ಲಿ ಗಾಢವಾಯಿತೆಂದು ತೋರಿಸಿದರು. ಕಾನೂನು ಬಯಸಿದ್ದಕ್ಕಿಂತ ಹೆಚ್ಚು ಕಠೋರವಾದ ವಿಧೇಯತೆಯನ್ನು ವಿಯರ್ ತಾನಾಗಿ ಹೇರಿಕೊಂಡ. ಅದನ್ನು ಬಲ್ಲವರು ಸುಮ್ಮನಿದ್ದರು. ಸ್ಟಾರ್‌ಬಕ್‌ನ ಕಥೆಯೂ ಇದೇ ಅಲ್ಲವೆ?

ಉಂಡ ಅನ್ನಕ್ಕೆ ಪ್ರಾಣ ಕೊಡುವುದನ್ನು ಹಳಗನ್ನಡದಲ್ಲಿ ಜೋಳವಾಳಿ ಎಂದರು. ಆ ಪದವನ್ನು ಕಾವ್ಯದಲ್ಲೂ ಶಾಸನಗಳಲ್ಲೂ ಗೌರವದಿಂದ ಬಳಸಿದ ನಾಡು ನಮ್ಮದು. ಅದೇ ಸಮಯದಲ್ಲಿ, ದ್ರೌಪದಿಯ ಪ್ರಶ್ನೆಗೆ ಉತ್ತರಿಸದೆ ಕುಳಿತ ಭೀಷ್ಮ ದ್ರೋಣರ ಕಥೆಯನ್ನು ಕೇಳಿ ಸಂಕಟಪಟ್ಟವರೂ ನಾವೇ. ಆದ್ದರಿಂದ ಮೆಲ್‌ವಿಲ್ ಎತ್ತಿದ ಪ್ರಶ್ನೆ ನಮಗೆ ಹೊರಗಿನದಲ್ಲ. ಕಚೇರಿಯ ಕಡತಕ್ಕೆ ಮನಸ್ಸಿಲ್ಲದೆ ಸಹಿ ಹಾಕಿ, ಸಂಜೆ ಮನೆಯಲ್ಲಿ ಅದಕ್ಕಾಗಿ ನೊಂದುಕೊಳ್ಳುವ ಪ್ರಾಮಾಣಿಕರು ನಮ್ಮ ನಡುವೆ ಕಡಿಮೆಯಿಲ್ಲ. ಆ ನೋವು ನಿಜವಾದದ್ದೇ. ಆದರೆ ಸಹಿಯ ಪರಿಣಾಮ ಅನುಭವಿಸುವವನಿಗೆ ಅದರಿಂದ ಏನೂ ದೊರೆಯುವುದಿಲ್ಲ. ಶಾ ಎಷ್ಟು ನೊಂದಿದ್ದರೂ ಸಿಮ್ಸ್‌ನ ಬೆನ್ನಿನ ಮೇಲೆ ಬಿದ್ದ ಏಟು ಒಂದೂ ಕಡಿಮೆಯಾಗಲಿಲ್ಲ.

ಮೆಲ್‌ವಿಲ್ 1891ರ ಸೆಪ್ಟೆಂಬರ್ 28ರಂದು ನ್ಯೂಯಾರ್ಕಿನಲ್ಲಿ ನಿಧನನಾದಾಗ ಜನ ಆತನನ್ನು ಹೆಚ್ಚುಕಡಿಮೆ ಮರೆತಿದ್ದರು. 1919ರಲ್ಲಿ ಜೀವನಚರಿತ್ರೆ ಬರೆಯಲು ಹೊರಟ ರೇಮಂಡ್ ವೀವರ್‌ಗೆ ಮೊಮ್ಮಗಳ ಬಳಿಯಿದ್ದ ಕಾಗದಗಳಲ್ಲಿ ‘ಬಿಲ್ಲಿ ಬಡ್’ ಸಿಕ್ಕಿತು. 1924ರಲ್ಲಿ ಅಚ್ಚಾಯಿತು. ಕೊನೆಯ ಆ ಕೃತಿಯನ್ನು ಆತ ಮಾವನಿಗಾಗಲಿ, ಸೋದರಮಾವನ ಮಗನಿಗಾಗಲಿ ಅರ್ಪಿಸಿಲ್ಲ. ಅದು ಅರ್ಪಿತವಾಗಿರುವುದು ಜ್ಯಾಕ್ ಚೇಸ್‌ಗೆ. ‘ವೈಟ್ ಜಾಕೆಟ್’ನಲ್ಲಿ ಕ್ಯಾಪ್ಟನ್ನನ ಎದುರು ದನಿಗೂಡಿಸಿದ ಆ ನಾವಿಕ ಕಲ್ಪನೆಯ ಪಾತ್ರ ಮಾತ್ರವಲ್ಲ, ನಾಲ್ಕೂವರೆ ದಶಕಗಳ ಹಿಂದೆ ಮೆಲ್‌ವಿಲ್‌ನೊಂದಿಗೆ ಅದೇ ಯುದ್ಧನೌಕೆಯಲ್ಲಿ ದುಡಿದವನು. ಪೆರು ದೇಶದ ಪರವಾಗಿ ಹೋರಾಡಲು ಒಮ್ಮೆ ಅಮೆರಿಕದ ನೌಕಾಪಡೆಯನ್ನೇ ಬಿಟ್ಟುಹೋಗಿ, ಕ್ಷಮೆ ಪಡೆದು ಮರಳಿ ಬಂದು, ಮತ್ತೆ ಅಚ್ಚುಕಟ್ಟಾಗಿ ತನ್ನ ಕೆಲಸ ಮಾಡಿದವನು.